ಯಾರ ಸುಳ್ಳು, ಯಾರ ಬಾಯಿ

ಕಳೆದ ತಿಂಗಳು ಅಕ್ಕನ ಮಗಳು ಫೋನು ಮಾಡಿ, "ಚಿಕ್ಕಮ್ಮ, ರಿಸೆಪ್ಷನಿಸ್ಟ್ ಕೆಲಸಕ್ಕೆ ಸೇರ್ಬೇಕು ಅಂದ್ರೆ ಏನೇನು ಗೊತ್ತಿರ್ಬೇಕು?" ಎಂದು ಕೇಳಿದಳು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅದು ಕೈಗೂಡುವವರೆಗೆ ಖರ್ಚಿಗೊಂದು ದಾರಿ ಬೇಕು. ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಗಳಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಹನ್ನೊಂದು ವರ್ಷವಾಯಿತು. ಅವಳ ಪ್ರಶ್ನೆಗೆ ಉತ್ತರಿಸಲು ನನಗೆ ಐದು ನಿಮಿಷ ಸಾಕಾಯಿತು.

ಪಿಯುಸಿ ಆಗಿದ್ದರೂ ನಡೆಯುತ್ತದೆ, ಡಿಗ್ರಿ ಇದ್ದರೆ ಒಳ್ಳೆಯದು. ಟೈಪಿಂಗ್ ಬೇಕು, ಕನ್ನಡದ್ದೂ ಇಂಗ್ಲಿಷಿನದ್ದೂ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದೊಂದು ಕಡೆ ಒಂದೊಂದಿರುತ್ತದೆ, ಒಂದು ವಾರದಲ್ಲಿ ಕೈಗೆ ಬರುತ್ತದೆ. ಹೋಟೆಲ್ ಕಡೆ ಹೋಗುವುದಾದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಫ್ರಂಟ್ ಆಫೀಸ್ ಎನ್ನುವುದೇ ಒಂದು ಪಾಠ. ಆಸ್ಪತ್ರೆಗೆ ಅಂಥ ಓದು ಇಲ್ಲದೆಯೂ ತೆಗೆದುಕೊಳ್ಳುತ್ತಾರೆ. ಬಯೋಡೇಟಾದ ನಾಲ್ಕು ಪ್ರತಿ ಹಿಡಿದು ಖುದ್ದಾಗಿ ಹೋಗು, ಬೆಳಗಿನ ಹೊತ್ತು ಹೋಗಬೇಡ, ಓಪಿಡಿ ಗಲಾಟೆಯಲ್ಲಿ ಯಾರೂ ಮುಖ ಎತ್ತಿ ನೋಡುವುದಿಲ್ಲ, ಮಧ್ಯಾಹ್ನ ಮೂರರ ಮೇಲೆ ಹೋಗು. ಇಂಟರ್ಕಾಂ ನಂಬರುಗಳನ್ನು ಮೊದಲ ದಿನವೇ ಬಾಯಿಪಾಠ ಮಾಡು. ಹರಪನಹಳ್ಳಿ ಕಡೆಯವರ ಮಾತು, ಚನ್ನಗಿರಿ ಕಡೆಯವರ ಮಾತು, ಉರ್ದು ಬೆರೆತ ಮಾತು, ಎಲ್ಲಕ್ಕೂ ಕಿವಿ ಹೊಂದಿಸಿಕೋ.

"ಅಷ್ಟೇನಾ ಚಿಕ್ಕಮ್ಮ?" ಎಂದಳು. "ಅಷ್ಟೇ" ಎಂದೆ. ಫೋನಿಟ್ಟ ಮೇಲೆ, ಅಷ್ಟೇ ಅಲ್ಲ ಎಂಬುದು ನೆನಪಾಯಿತು. ನನ್ನ ಸ್ವಂತ ಸಂದರ್ಶನದಲ್ಲಿ ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಮ್ಯಾನೇಜರು ನನ್ನ ಅಂಕಪಟ್ಟಿಯನ್ನು ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರು ಒಳಗೇ ಇದಾರೆ, ಯಾರನ್ನೂ ಬಿಡಬೇಡ ಅಂದಿದಾರೆ. ಹೊರಗಡೆ ಒಬ್ರು ಬಂದು ಡಾಕ್ಟ್ರು ಅದಾರಾ ಅಂತ ಕೇಳ್ತಾರೆ. ಏನಂತೀಯಮ್ಮ?"

"ಇಲ್ಲ ಅಂತೀನಿ ಸರ್" ಎಂದೆ, ಒಂದು ಕ್ಷಣವೂ ತಡೆಯದೆ.

"ನಾಳೆಯಿಂದ ಬಾ" ಎಂದರು.

ಈ ಕೆಲಸಕ್ಕೆ ನಾನು ಸೇರಿದ್ದು ಹಾಗೆ. ಆ ಪ್ರಶ್ನೆ ಒಂದು ಬಾಗಿಲಾಗಿತ್ತು, ಅದನ್ನು ತೆರೆದ ಕೀಲಿಕೈ ಒಂದು ಸುಳ್ಳು. ಆಗ ಅದು ಸುಳ್ಳು ಎಂದು ಅನ್ನಿಸಿರಲೂ ಇಲ್ಲ. ಜಾಣತನ ಅನ್ನಿಸಿತ್ತು.

ರಿಸೆಪ್ಷನಿಸ್ಟ್ ಎಂಬುದಕ್ಕೆ ಕನ್ನಡದಲ್ಲಿ ಸ್ವಾಗತಕಾರಿಣಿ ಎಂದು ಬರೆಯುತ್ತಾರೆ. ಯಾರೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಆದರೆ ಹಳಗನ್ನಡದಲ್ಲಿ ಈ ಕೆಲಸಕ್ಕೆ ಒಂದು ಪದವಿತ್ತು: ಪಡಿಯರ. ಅರಸನ ಬಾಗಿಲಲ್ಲಿ ನಿಂತು, ಬಂದವರ ಸುದ್ದಿಯನ್ನು ಒಳಗೆ ಮುಟ್ಟಿಸಿ, ಅಪ್ಪಣೆಯಾದರೆ ಒಳಗೆ ಬಿಡುವವನು. ಸ್ವಾಗತ ಎಂಬುದು ಆ ಕೆಲಸದ ಅರ್ಧ ಮಾತ್ರ. ಇನ್ನರ್ಧ ತಡೆಯುವುದು. ಸಂಬಳ ಬರುವುದು ಹೆಚ್ಚಾಗಿ ಈ ಎರಡನೆಯ ಅರ್ಧಕ್ಕೇ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ.

ಸೇರಿದ ಎರಡನೆಯ ವರ್ಷದ ಒಂದು ದಿನ. ನಮ್ಮ ಹಿರಿಯ ಡಾಕ್ಟರು ಬೆಳಿಗ್ಗೆ ಬೇಗನೆ ಎದ್ದು ಸ್ವಂತ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ರಾತ್ರಿಯವರೆಗೆ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. "ಊರಲ್ಲಿಲ್ಲ ಅನ್ಬೇಡ. ಎದುರಿನ ಆಸ್ಪತ್ರೆಗೆ ಹೋಗ್ತಾರೆ. ಓಟಿಯಲ್ಲಿದಾರೆ ಅನ್ನು, ಸಂಜೆ ಜೂನಿಯರ್ ಡಾಕ್ಟ್ರು ಬರ್ತಾರಲ್ಲ, ಅವರಿಗೆ ತೋರಿಸ್ಕೊಂಡು ಹೋಗ್ಲಿ" ಎಂದು ಹೇಳಿ ಅವರು ಒಳಗೆ ಹೋದರು.

ಹನ್ನೊಂದು ಗಂಟೆಗೆ ಜಗಳೂರು ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಬಿಳಿ ಪಂಚೆ, ತಲೆಗೆ ಟವೆಲ್ಲು, ಕೈಯಲ್ಲಿ ಅಂಗಡಿಯ ಚೀಲ. ಚೀಲದೊಳಗೆ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟು. ಅದನ್ನು ದೊಡ್ಡ ಡಾಕ್ಟರಿಗೇ ತೋರಿಸಬೇಕು, ಆಪರೇಷನ್ ಬೇಕೋ ಬೇಡವೋ ಕೇಳಬೇಕು. "ಡಾಕ್ಟ್ರು ಅದಾರೇನವ್ವಾ?" ಎಂದರು. "ಓಟಿಯಲ್ಲಿದಾರೆ ಅಜ್ಜ, ಕೂತ್ಕೊಳ್ರಿ" ಎಂದೆ. ಕೂತರು.

ಒಂದು ಗಂಟೆಗೆ ಎದ್ದು ಬಂದು ಕೇಳಿದರು. ಇನ್ನೂ ಓಟಿಯಲ್ಲಿದ್ದಾರೆ ಎಂದೆ. "ಊಟ ಮಾಡ್ಕೊಂಡು ಬರ್ರಿ" ಎಂದೆ. "ಬ್ಯಾಡವ್ವ, ಅಷ್ಟರಾಗೆ ಕರೆದುಬಿಟ್ರೆ?" ಎಂದು ಮತ್ತೆ ಹೋಗಿ ಕೂತರು. ಮೂರೂವರೆಗೆ ಮತ್ತೆ ಬಂದರು. ನಾನು ಕಂಪ್ಯೂಟರಿನ ಕಡೆಯೇ ನೋಡುತ್ತಾ ಅದೇ ಮಾತು ಹೇಳಿದೆ. ಐದೂವರೆಗೆ ಬಂದು, ಆರಕ್ಕೆ ತಮ್ಮ ಊರಿನ ಕೊನೆಯ ಬಸ್ಸು, ಇನ್ನು ಹೋಗುತ್ತೇನೆ, ನಾಳೆ ಬರುತ್ತೇನೆ ಎಂದರು. ಅಷ್ಟು ಹೇಳಿ ಹೋಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲವೇನೋ. ಮೆಟ್ಟಿಲ ಬಳಿ ನಿಂತು, ಓಟಿ ಇರುವ ಕಾರಿಡಾರಿನ ಕಡೆಗೆ ತಿರುಗಿ, ಕೈಯೆತ್ತಿ ಮುಗಿದು, "ಬೆಳಿಗ್ಗಿಂದ ಆಪರೇಷನ್ ಮಾಡ್ತಾ ಅದಾರೆ ಅಂದ್ರೆ ಭಾಳ ಕಷ್ಟದ್ದೇ ಇರ್ಬೇಕು. ಒಳಗಿರೋರು ಯಾರೋ ಏನೋ, ದೇವರು ಅವರನ್ನ ಉಳಿಸ್ಲಿ" ಎಂದರು.

ಒಳಗೆ ಯಾರೂ ಇರಲಿಲ್ಲ. ದೀಪವೂ ಹಾಕಿರಲಿಲ್ಲ.

ಮಾರನೆಯ ದಿನ ಅವರು ಬಂದರು, ಡಾಕ್ಟರು ನೋಡಿದರು, ಔಷಧಿ ಬರೆದುಕೊಟ್ಟರು. ಆ ಅಜ್ಜಿಗೆ ನನ್ನ ಸುಳ್ಳಿನಿಂದ ಯಾವ ಅಪಾಯವೂ ಆಗಲಿಲ್ಲ. ಮ್ಯಾನೇಜರ ಬಳಿ ಈ ವಿಷಯ ಹೇಳಿಕೊಂಡಾಗ ಅವರು ನಕ್ಕು, "ತಲೆಗೆ ಹಚ್ಕೋಬೇಡ. ನೀನು ಸಂಬಳಕ್ಕೆ ಇರೋಳು. ಅದು ನಿನ್ನ ಮಾತಲ್ಲ, ಆಸ್ಪತ್ರೆ ಮಾತು" ಎಂದರು. ಎಷ್ಟು ಹಿತವಾದ ಮಾತು! ಬಹಳ ದಿನ ನಾನು ಅದನ್ನೇ ಹೊದ್ದು ಮಲಗಿದೆ.

ಆದರೆ ಆ ಮಾತು ನಿಜವೇ? ಇನ್ನೊಬ್ಬರು ಹೇಳು ಎಂದ ಸುಳ್ಳನ್ನು ನಾನು ಹೇಳಿದರೆ ಅದು ಯಾರ ಸುಳ್ಳು?

ರಾತ್ರಿ ಪಾಳಿಯಲ್ಲಿ ಫೋನುಗಳು ಸುಮ್ಮನಾದ ಮೇಲೆ ಓದುವ ಅಭ್ಯಾಸ ನನಗಿದೆ. ಹಾಗೆ ಓದುವಾಗ ಒಮ್ಮೆ ಕಾಂಟ್ ಸಿಕ್ಕಿದ. 1797ರಲ್ಲಿ ಪ್ರಕಟವಾದ, ಇಂಗ್ಲಿಷಿನಲ್ಲಿ 'ಮೆಟಾಫಿಸಿಕ್ಸ್ ಆಫ್ ಮಾರಲ್ಸ್' ಎಂದು ಕರೆಯುವ ಗ್ರಂಥದಲ್ಲಿ, ಸುಳ್ಳಿನ ಬಗ್ಗೆ ಬರೆಯುತ್ತಾ ಅವನು ಒಂದು ಪುಟ್ಟ ಪ್ರಸಂಗ ಕೊಡುತ್ತಾನೆ. ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಜಮಾನನೊಬ್ಬ ತನ್ನ ಸೇವಕನಿಗೆ, ಇಂಥವರು ಬಂದು ಕೇಳಿದರೆ ನಾನು ಮನೆಯಲ್ಲಿಲ್ಲ ಎನ್ನು ಎಂದು ಹೇಳಿರುತ್ತಾನೆ. ಸೇವಕ ಹಾಗೆಯೇ ಹೇಳುತ್ತಾನೆ. ಆ ಸುಳ್ಳಿನ ಮರೆಯಲ್ಲಿ ಯಜಮಾನ ನುಣುಚಿಕೊಂಡು ಹೋಗಿ ದೊಡ್ಡ ಅಪರಾಧವೊಂದನ್ನು ಮಾಡುತ್ತಾನೆ. ಸೇವಕ ನಿಜ ಹೇಳಿದ್ದರೆ, ಅವನನ್ನು ಹಿಡಿಯಲು ಬಂದಿದ್ದ ಕಾವಲಿನವರು ಅದನ್ನು ತಪ್ಪಿಸುತ್ತಿದ್ದರು. ಈಗ ತಪ್ಪು ಯಾರದು? ಸೇವಕನದೂ ಹೌದು ಎನ್ನುತ್ತಾನೆ ಕಾಂಟ್. ಸುಳ್ಳಾಡುವ ಮೂಲಕ ಅವನು ತನಗೆ ತಾನು ಸಲ್ಲಿಸಬೇಕಾದ ಕರ್ತವ್ಯವನ್ನು ಮುರಿದಿದ್ದಾನೆ, ಅದರ ಫಲವನ್ನು ಅವನ ಅಂತಃಸಾಕ್ಷಿಯೇ ಅವನ ಲೆಕ್ಕಕ್ಕೆ ಬರೆಯುತ್ತದೆ ಎಂಬುದು ಅವನ ವಾದ.

ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ತತ್ತ್ವಜ್ಞಾನಿ ನನ್ನ ಮೇಜಿನ ಬಗ್ಗೆ ಯೋಚಿಸಿದ್ದ! 'ಸೇವಕನದೂ' ಎಂಬಲ್ಲಿರುವ ಆ ಒಂದು 'ಊ' ನನ್ನನ್ನು ಬಹಳ ಕಾಡಿತು. ಯಜಮಾನನನ್ನು ಅದು ಬಿಟ್ಟುಬಿಡುವುದಿಲ್ಲ. ಸೇವಕನನ್ನೂ ಬಿಡುವುದಿಲ್ಲ.

ಕಾಂಟ್‌ನ ತನಕ ಹೋಗುವ ಅಗತ್ಯವೇನೂ ಇರಲಿಲ್ಲ. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು. ದ್ರೋಣನನ್ನು ಕೊಲ್ಲಲು ಅಶ್ವತ್ಥಾಮ ಸತ್ತನೆಂಬ ಸುಳ್ಳನ್ನು ಹೊಸೆದವನು ಕೃಷ್ಣ. ಆ ಹೆಸರಿನ ಆನೆಯನ್ನು ಕೊಂದು ಕೂಗಿದವನು ಭೀಮ. ಧರ್ಮರಾಯ ಮಾಡಿದ್ದು, ಕೇಳಿದಾಗ ಒಂದು ವಾಕ್ಯ ಹೇಳಿದ್ದಷ್ಟೇ, ಅದರಲ್ಲೂ ಆನೆಯೆಂಬ ಮಾತನ್ನು ಮೆಲ್ಲಗೆ ಸೇರಿಸಿಯೇ ಹೇಳಿದ್ದು. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ಕೆಳಗಿಳಿದದ್ದು ಅವನದು. ಭಾಗವತದ ಜಯ ವಿಜಯರ ಕಥೆ ಇನ್ನೂ ನೇರ. ವೈಕುಂಠದ ಬಾಗಿಲಲ್ಲಿ ಸನಕಾದಿ ಮುನಿಗಳನ್ನು ತಡೆದರು, ಶಾಪ ಪಡೆದರು. ವಿಷ್ಣು ತಾನೇ ಹೊರಗೆ ಬಂದು, ನನ್ನ ಬಾಗಿಲವರು ಮಾಡಿದ ತಪ್ಪು ನನ್ನದೇ ಎಂದು ಮುನಿಗಳಲ್ಲಿ ವಿನಯದಿಂದ ಹೇಳಿಕೊಂಡ. ಅಷ್ಟು ದೊಡ್ಡ ಮನಸ್ಸಿನ ಯಜಮಾನ ಎಲ್ಲರಿಗೂ ಸಿಗುವುದಿಲ್ಲ. ಆದರೂ ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಮೂರು ಸಲ ಹುಟ್ಟಿದ್ದು ಬಾಗಿಲವರೇ.

ಹಾಗಾದರೆ ಸುಳ್ಳು ನನ್ನದು. ಇಷ್ಟು ಒಪ್ಪಿಕೊಂಡೆ. ಆದರೂ ಕಾಂಟ್ ಹೇಳಿದ್ದರಲ್ಲಿ ಒಂದು ಮಾತು ನನಗೆ ಸರಿಹೋಗಲಿಲ್ಲ. ಸುಳ್ಳು ಹೇಳಿದ ಸೇವಕ ಕೆಡಿಸಿದ್ದು ತನ್ನ ಕಡೆಗಿನ ಕರ್ತವ್ಯವನ್ನು ಎನ್ನುತ್ತಾನೆ ಅವನು. ಆ ಸಂಜೆ ನಾನು ಸಾಲಗಾರಳಾದದ್ದು ನನಗಲ್ಲ, ಆ ಅಜ್ಜನಿಗೆ. ನಾನು ಅವರಿಂದ ಏನನ್ನು ಕಿತ್ತುಕೊಂಡೆ ಎಂದು ಯೋಚಿಸಿದೆ. ಹಣವನ್ನಲ್ಲ, ಆರೋಗ್ಯವನ್ನೂ ಅಲ್ಲ. ಡಾಕ್ಟರು ಊರಲ್ಲಿಲ್ಲ ಎಂದು ಹನ್ನೊಂದು ಗಂಟೆಗೇ ಗೊತ್ತಾಗಿದ್ದರೆ ಅವರು ಏನು ಬೇಕಾದರೂ ಮಾಡಬಹುದಿತ್ತು. ಎದುರಿನ ಆಸ್ಪತ್ರೆಗೆ ಹೋಗಬಹುದಿತ್ತು, ಊಟ ಮಾಡಬಹುದಿತ್ತು, ಹನ್ನೆರಡರ ಬಸ್ಸು ಹಿಡಿದು ಮನೆಗೆ ಹೋಗಿ ಹೆಂಡತಿಯ ಹತ್ತಿರ ಕೂರಬಹುದಿತ್ತು. ಅಥವಾ ಎಲ್ಲ ಗೊತ್ತಿದ್ದೂ ಅಲ್ಲೇ ಕಾಯಬಹುದಿತ್ತು. ಆ ದಿನವನ್ನು ಏನು ಮಾಡುವುದು ಎಂದು ತೀರ್ಮಾನಿಸುವುದು ಅವರ ಹಕ್ಕು. ನನ್ನ ಒಂದು ವಾಕ್ಯ ಅದನ್ನು ಅವರ ಪರವಾಗಿ ತೀರ್ಮಾನಿಸಿಬಿಟ್ಟಿತು, ಅದೂ ಅವರಿಗೆ ಗೊತ್ತಾಗದಂತೆ. ಕೊನೆಗೆ ಅವರ ಪ್ರಾರ್ಥನೆಯನ್ನೂ ಇಲ್ಲದವರೊಬ್ಬರಿಗೆ ಖರ್ಚು ಮಾಡಿಸಿದೆ.

ಕಾಯುವ ಬೆಂಚಿನ ಮೇಲೆ ಕೂತವರು ರಿಸೆಪ್ಷನಿಸ್ಟಳ ಮಾತಿನ ಮೇಲೆ ತಮ್ಮ ದಿನವನ್ನು ಕಟ್ಟುತ್ತಾರೆ. "ಇನ್ನರ್ಧ ಗಂಟೆ" ಎಂದರೆ ಅರ್ಧ ಗಂಟೆಯ ಲೆಕ್ಕದಲ್ಲಿ ಮಗುವಿಗೆ ಹಾಲು ಕೊಡುತ್ತಾರೆ, ಹೊಲದವನಿಗೆ ಫೋನು ಮಾಡುತ್ತಾರೆ, ಮಾತ್ರೆ ನುಂಗುತ್ತಾರೆ. ನಮ್ಮ ಸುಳ್ಳುಗಳು ಚಿಕ್ಕವು ಎಂದು ನಾವು ಅಂದುಕೊಳ್ಳುವುದು, ಅವುಗಳ ಮೇಲೆ ಕಟ್ಟಿದ್ದೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ.

ಹಾಗೆಂದು ಈ ಮೇಜಿನಲ್ಲಿ ಕೂತು ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ಹೇಳಿಬಿಡಲು ಬರುವುದಿಲ್ಲ. ಒಂದು ರಾತ್ರಿ ಮೂವರು ಗಂಡಸರು ಬಂದು, ಒಬ್ಬ ಹುಡುಗಿಯ ಹೆಸರು ಹೇಳಿ, ಇಲ್ಲಿ ಅಡ್ಮಿಟ್ ಆಗಿದ್ದಾಳಾ, ಯಾವ ವಾರ್ಡು ಎಂದು ಕೇಳಿದರು. ಮನೆಯವರು ಎಂದರು. ಹುಡುಗಿ ಅಲ್ಲೇ ಇದ್ದಳು, ಮನೆಯವರಿಗೆ ಹೇಳಬೇಡಿ ಎಂದು ಬೆಳಿಗ್ಗೆಯಷ್ಟೇ ನರ್ಸ್ ಕೈ ಹಿಡಿದುಕೊಂಡು ಅತ್ತಿದ್ದಳು. ಅವಳ ಮನೆಯಲ್ಲಿ ಏನು ನಡೆದಿತ್ತೋ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತ ಅವನದು. ಕಳ್ಳರಿಗೆ ಹೆದರಿ ಕೆಲವರು ಕಾಡಿನೊಳಗೆ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಕೌಶಿಕ ಸತ್ಯವನ್ನೇ ಹೇಳುತ್ತಾನೆ, ಅಡಗಿದವರು ಕೊಲೆಯಾಗುತ್ತಾರೆ, ಸತ್ಯ ನುಡಿದವನು ನರಕಕ್ಕೆ ಹೋಗುತ್ತಾನೆ. ಕೊಲೆಗಾರ ಬಾಗಿಲಿಗೆ ಬಂದು ಕೇಳಿದರೂ ಸುಳ್ಳು ಹೇಳಬಾರದು ಎಂದು ಅದೇ 1797ರಲ್ಲಿ ಒಂದು ಲೇಖನದಲ್ಲಿ ಹಟ ಹಿಡಿದ ಕಾಂಟ್‌ಗಿಂತ ಇಲ್ಲಿ ಕೃಷ್ಣನೇ ನನಗೆ ಹತ್ತಿರದವನು. ಅದಕ್ಕೆ ಕಾರಣ ಅವನು ಸುಳ್ಳಿಗೆ ಪರವಾನಗಿ ಕೊಟ್ಟ ಎಂಬುದಲ್ಲ, ಅವನು ಹಾಕಿಕೊಟ್ಟ ಕ್ರಮ. ಮಾತಾಡದೆ ಉಳಿಸಲು ಸಾಧ್ಯವಾದರೆ ಮಾತಾಡಬೇಡ. ಮಾತಾಡಲೇಬೇಕಾಗಿ ಬಂದರೆ ಮಾತ್ರ ಅಲ್ಲಿ ಸುಳ್ಳೇ ಲೇಸು. ಮೊದಲು ಮೌನ, ಆಮೇಲೆ ಉಳಿದದ್ದು.

"ಇಲ್ಲಿ ಯಾರು ಅಡ್ಮಿಟ್ ಆಗಿದಾರೆ ಅಂತ ನಾವು ಯಾರಿಗೂ ಹೇಳೋದಿಲ್ಲ" ಎಂದೆ ಆ ಮೂವರಿಗೆ. ಹಾಗೆಂದ ಕೂಡಲೇ ಅವರಲ್ಲೊಬ್ಬ ಇನ್ನೊಬ್ಬನ ಮುಖ ನೋಡಿದ: ಅಂದರೆ ಇಲ್ಲೇ ಇದ್ದಾಳೆ. ಆಗ ನನಗೆ ಹೊಳೆದದ್ದು, ಮೌನವನ್ನೂ ಮೊದಲೇ ಸಂಪಾದಿಸಿಟ್ಟುಕೊಳ್ಳಬೇಕು ಎಂದು. ಮುಚ್ಚಿಡುವುದು ಇದ್ದಾಗ ಮಾತ್ರ "ಹೇಳೋದಿಲ್ಲ" ಎಂದರೆ ಅದು ಹೇಳಿದಂತೆಯೇ. ಮುಚ್ಚಿಡುವುದೇನೂ ಇಲ್ಲದ ದಿನವೂ, ಸೇಬು ಹಿಡಿದು ಬಂದ ಸೋದರಮಾವನಿಗೂ, "ಅವರಿಗೇ ಫೋನ್ ಮಾಡಿ ಕೇಳ್ರಿ, ನಾವು ಹೇಳೋ ಹಾಗಿಲ್ಲ" ಎಂದು ಅದೇ ದನಿಯಲ್ಲಿ ಹೇಳುತ್ತಾ ಬಂದಿದ್ದರೆ ಆ ರಾತ್ರಿ ಅದಕ್ಕೆ ಬೆಲೆ ಇರುತ್ತಿತ್ತು. ಸೆಕ್ಯುರಿಟಿಯವರನ್ನು ಕರೆದು, ನರ್ಸಿಗೆ ಇಂಟರ್ಕಾಂನಲ್ಲಿ ತಿಳಿಸಿ ಆ ರಾತ್ರಿ ಹೇಗೋ ಕಳೆಯಿತು. ಅಂದಿನಿಂದ ಸೋದರಮಾವಂದಿರ ಸಿಟ್ಟನ್ನು ನಾನು ದಿನವೂ ತಿನ್ನುತ್ತಿದ್ದೇನೆ.

ಅಜ್ಜನಿಗೆ ಹೇಳಿದ ಸುಳ್ಳಿಗೂ ಈ ಮೂವರಿಗೆ ಹೇಳದೆ ಬಿಟ್ಟ ನಿಜಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಎರಡೂ ಕಡೆ ನಾನು ತಡೆದೆ. ಒಂದು ಕಡೆ ತಡೆದದ್ದು ಒಳಗಿದ್ದ ಒಬ್ಬಳನ್ನು ಕಾಯಲು. ಇನ್ನೊಂದು ಕಡೆ ಒಳಗೆ ಯಾರೂ ಇರಲಿಲ್ಲ, ಕಾದದ್ದು ಒಂದು ಸಂಸ್ಥೆಯ ಆ ದಿನದ ಕಲೆಕ್ಷನ್ನನ್ನು.

ದುಡ್ಡಿನ ಮಾತು ಬಂತು. ಅಪಘಾತದ ಕೇಸು ಬಂದಾಗ "ಮೊದಲು ಅಡ್ವಾನ್ಸ್ ಕಟ್ಟಿ" ಎಂಬ ವಾಕ್ಯವೂ ಈ ಮೇಜಿನಿಂದಲೇ ಹೊರಡುತ್ತದೆ. ಜೀವ ಉಳಿಸುವುದು ಮೊದಲು, ಉಳಿದ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿ, ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆಂದೇ 2007ರ ಕಾಯ್ದೆಯಿದೆ, 2017ರ ತಿದ್ದುಪಡಿಯೂ ಇದೆ. ತುರ್ತಿನಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಬಿಲ್ಲಿಗಾಗಿ ಶವವನ್ನು ಇಟ್ಟುಕೊಳ್ಳಬಾರದು ಎಂಬುದು ಅದರಲ್ಲಿದೆ. ಕಾನೂನು ಹೊಣೆ ಹೊರಿಸುವುದು ಡಾಕ್ಟರ ಮೇಲೆ, ಸಂಸ್ಥೆಯ ಮೇಲೆ. ಆದರೆ ಆ ವಾಕ್ಯವನ್ನು ಅವರು ಎಂದೂ ಸ್ವತಃ ಆಡುವುದಿಲ್ಲ. ಆಡಲು ಒಬ್ಬಳನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ. ಕಠಿಣವಾದ ಮಾತನ್ನು ಹೇಳಿಸುವವರು ಕೇಳುವವರ ಮುಖ ನೋಡಬೇಕಾಗಿಲ್ಲ, ಹೇಳುವವಳು ಅದನ್ನು ನಿರ್ಧರಿಸಿದವಳಲ್ಲ. ಹೀಗೆ ಇಬ್ಬರಿಗೂ ತಮ್ಮದಲ್ಲ ಅನ್ನಿಸುವಂತೆ ಒಂದು ಮಾತನ್ನು ಆಡುವ ಏರ್ಪಾಟಿಗೆ ಫ್ರಂಟ್ ಆಫೀಸ್ ಎಂದು ಹೆಸರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಜ್ಜನ ಆ ದಿನದ ನಂತರ ನಾನು ಸತ್ಯ ಹರಿಶ್ಚಂದ್ರನಾಗಲಿಲ್ಲ. ಮನೆಯಲ್ಲಿ ಬಾಡಿಗೆ, ಮಗನ ಶಾಲೆಯ ಫೀಸು ಇರುವವಳು ನಾನು. ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕಾಂಟ್ ತನ್ನ ಸೇವಕನಿಗೆ ಸುಲಭವಾಗಿ ಹೇಳಿಯಾನು. ನಾನು ಮಾಡಿದ್ದು ಬಹಳ ಸಣ್ಣದು: ಕೆಲವು ವಾಕ್ಯಗಳನ್ನು ಬದಲಿಸಿದೆ. "ಓಟಿಯಲ್ಲಿದಾರೆ" ಎನ್ನುವ ಕಡೆ, "ಸಂಜೆವರೆಗೂ ದೊಡ್ಡ ಡಾಕ್ಟ್ರು ಸಿಗೋದಿಲ್ಲ, ಐದಕ್ಕೆ ಜೂನಿಯರ್ ಡಾಕ್ಟ್ರು ನೋಡ್ತಾರೆ, ಕಾಯೋದಾದ್ರೆ ಊಟ ಮಾಡ್ಕೊಂಡು ಬರ್ರಿ" ಎನ್ನುತ್ತೇನೆ. ಎಲ್ಲಿದ್ದಾರೆ ಎಂದು ನಾನು ಹೇಳುವುದಿಲ್ಲ, ಅದು ಡಾಕ್ಟರ ಸ್ವಂತ ವಿಷಯ. ಎಷ್ಟು ಹೊತ್ತು ಸಿಗುವುದಿಲ್ಲ ಎಂದು ಹೇಳುತ್ತೇನೆ, ಅದು ಬೆಂಚಿನ ಮೇಲೆ ಕೂತವರ ವಿಷಯ. ಕೆಲವರು ಎದ್ದು ಎದುರಿನ ಆಸ್ಪತ್ರೆಗೆ ಹೋದರು. ಮ್ಯಾನೇಜರು ಎರಡು ಸಲ ಕರೆದು ಬೈದರು. ಮೂರನೆಯ ಸಲ ಬೈಯುವ ಹೊತ್ತಿಗೆ ನಾನು ಬೇರೆ ಆಸ್ಪತ್ರೆಗೆ ಬಂದಿದ್ದೆ. ಸಿದ್ಧಾಂತಕ್ಕಾಗಿ ಅಲ್ಲ, ಇಲ್ಲಿ ಸಂಬಳ ತುಸು ಹೆಚ್ಚಿತ್ತು.

ಈಗಲೂ ಸುಳ್ಳು ಹೇಳಿಲ್ಲವೇ? ಹೇಳಿದ್ದೇನೆ. ಹೋದ ವಾರವೂ ಹೇಳಿದೆ, ಹಿಂದೆ ನಿಂತು ಒಬ್ಬರು ನೋಡುತ್ತಿದ್ದರು, ಸರತಿ ಉದ್ದವಿತ್ತು, ನಾಲಿಗೆ ಹಳೆಯ ದಾರಿ ಹಿಡಿಯಿತು. ವ್ಯತ್ಯಾಸ ಇಷ್ಟೇ, ಈಗ ಅದನ್ನು ಆಸ್ಪತ್ರೆಯ ಮಾತು ಎಂದುಕೊಂಡು ಮಲಗಲು ಆಗುವುದಿಲ್ಲ.

ಇದನ್ನೆಲ್ಲ ಅಕ್ಕನ ಮಗಳಿಗೆ ಮತ್ತೆ ಫೋನು ಮಾಡಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು, ಅರ್ಧ ನಿದ್ದೆಯಲ್ಲಿದ್ದಳೋ ಏನೋ. ಮೊನ್ನೆ ಅವಳೇ ಫೋನು ಮಾಡಿದಳು. ಹುಬ್ಬಳ್ಳಿಯ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದಳಂತೆ. ಅಲ್ಲೂ ಹೆಚ್ಚುಕಡಿಮೆ ಅದೇ ಪ್ರಶ್ನೆ: ಸಾಹೇಬರು ಒಳಗಿದ್ದಾರೆ, ಯಾರನ್ನೂ ನೋಡುವುದಿಲ್ಲ, ಬಂದವರಿಗೆ ಏನು ಹೇಳುತ್ತೀಯ?

"ನೀನೇನಂದೆ?"

"'ಇವತ್ತು ಭೇಟಿ ಆಗಲ್ಲ, ಯಾವತ್ತು ಬಂದ್ರೆ ಆಗುತ್ತೆ ಅಂತ ಕೇಳಿ ಹೇಳ್ತೀನಿ' ಅಂತೀನಿ ಸರ್, ಅಂದೆ ಚಿಕ್ಕಮ್ಮ."

"ಅವರೇನಂದ್ರು?"

"ಫೋನ್ ಮಾಡಿ ತಿಳಿಸ್ತೀವಿ ಅಂದ್ರು."

ಈ ವಾಕ್ಯವನ್ನು ನಾನೇ ನೂರಾರು ಜನಕ್ಕೆ ಹೇಳಿದ್ದೇನೆ, ಅದರ ಅರ್ಥ ನನಗೆ ಗೊತ್ತು. ಅವಳು ಇನ್ನೂ ಕಾಯುತ್ತಿದ್ದಾಳೆ. ಕಾಯಬೇಡ, ಬೇರೆ ಕಡೆಯೂ ಬಯೋಡೇಟಾ ಕೊಡು ಎಂದು ಅವತ್ತೇ ಹೇಳಿದ್ದೇನೆ.